ಗೋಲಿನ ಹಿಂದಿನ ಬಲೆ

ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತ ಮಧುಕರನಿಗೆ ಆ ಸೋಮವಾರ ಬೆಳಿಗ್ಗೆ ತನ್ನ ಕಣ್ಣುಗಳ ಮೇಲೇ ಸಂಶಯ ಬಂದಿತ್ತು. ನೋಡುವುದಕ್ಕೇನೋ ಚೆನ್ನಾಗಿಯೇ ಇದ್ದವು. ಐವತ್ತು ದಾಟಿದರೂ ಕೆಂಪಿಲ್ಲ, ಪೊರೆಯಿಲ್ಲ. ಈ ಕಣ್ಣುಗಳ ಬಲದ ಮೇಲೆಯೇ ಅವನು ಕಾರವಾರ, ಅಂಕೋಲೆಯ ಮೈದಾನಗಳಲ್ಲಿ ಇಷ್ಟು ವರ್ಷ ಫುಟ್‌ಬಾಲ್ ಆಟಗಳಿಗೆ ಸೀಟಿ ಊದಿಕೊಂಡು ಬಂದಿದ್ದ. ಬಂದರು ಕಚೇರಿಯ ಗುಮಾಸ್ತನೊಬ್ಬನಿಗೆ ಊರೂರಿನಲ್ಲಿ ಕುರ್ಚಿ ಎಳೆದು ಕೊಡುವಷ್ಟು ಮರ್ಯಾದೆ ಸಿಕ್ಕಿದ್ದೂ ಇವುಗಳಿಂದಲೇ. ಮಧುಕರಬಾಬು ಕಂಡದ್ದು ಕಂಡದ್ದೇ ಎಂದು ಜನ ಹೇಳುವುದನ್ನು ಕೇಳಿ ಕೇಳಿ ಅವನೂ ಅದನ್ನು ನಂಬಿಬಿಟ್ಟಿದ್ದ. ಈಗ ಬ್ಲೇಡು ಕೆನ್ನೆಯ ಮೇಲೆ ಇಳಿಯುತ್ತಿದ್ದಾಗ ಶನಿವಾರ ಸಂಜೆ ಫೈನಲ್ ನಡೆದ ಹಾರವಾಡದ ಕಡಲತೀರ ಕನ್ನಡಿಯೊಳಗೆ ಬಂದು ನಿಂತಿತು. ಶೆಟಗೇರಿಯ ಪುಟ್ಟು ಎಡಗಾಲಿನಿಂದ ಹೊಡೆದ ಚೆಂಡು ಸೊಂಟದೆತ್ತರಕ್ಕೆ ಹಾರಿ ಬಂದು, ಗೋಲಿನ ಎಡಗಂಬದ ಹತ್ತಿರ ಮಾಯವಾಗಿ, ಮರುಕ್ಷಣ ಗೋಲಿನ ಹಿಂದೆ ಒದ್ದೆ ಮರಳಿನ ಮೇಲೆ ಸಮುದ್ರದ ಕಡೆ ಉರುಳುತ್ತಿತ್ತು. ಕಂಬದ ಒಳಗಿನಿಂದ ಹೋಯಿತೋ, ಹೊರಗಿನಿಂದ ಹೋಯಿತೋ? ಒಳಗಿನಿಂದ ಹೋಗಿದ್ದರೆ ಹಿಂದೆ ಕಟ್ಟಿದ ಬಲೆ ತಡೆಯಬೇಕಿತ್ತು. ತಡೆಯಲಿಲ್ಲ. ಮಧುಕರ ಹೋಗಿ ಬಲೆಯನ್ನು ಕೈಯಿಂದ ಎಳೆದು ನೋಡಿದ, ಎಲ್ಲೂ ಹರಿದಿರಲಿಲ್ಲ. ಗೋಲು ಕಾಯುತ್ತಿದ್ದ ಹಾರವಾಡದ ಬೊಮ್ಮುವನ್ನು ಕೇಳಿದ. ಹರಿದಿಲ್ಲ ಎಂದು ಅವನೂ ಹೇಳಿದ. ಹಾಗಾದರೆ ಹೊರಗಿನಿಂದಲೇ ಹೋಗಿರಬೇಕೆಂದು ಗೋಲು ಕೊಡಲಿಲ್ಲ. ಆಟ ಸೊನ್ನೆ ಸೊನ್ನೆಯಲ್ಲಿ ಮುಗಿಯಿತು, ಪೆನಲ್ಟಿಗಳಲ್ಲಿ ಬೊಮ್ಮು ಎರಡು ಚೆಂಡು ಹಿಡಿದು ಹಾರವಾಡವನ್ನು ಗೆಲ್ಲಿಸಿದ. ಇಷ್ಟೇ ನಡೆದದ್ದು. ಇದರಲ್ಲಿ ನಿಯಮ ತಪ್ಪಿದ್ದು ಎಲ್ಲೂ ಇಲ್ಲ. ಆದರೂ ಅವನು ಬ್ಲೇಡನ್ನು ಮಗ್ಗಿನ ನೀರಿನಲ್ಲಿ ಅದ್ದಿ ಅದ್ದಿ ತೊಳೆಯುತ್ತಲೇ ನಿಂತಿದ್ದ.

"ಪಳೆ, ನೋಡಿ, ಮತ್ತೆ ತೋರಿಸ್ತಿದ್ದಾರೆ," ಎಂದು ಒಳಗಿನಿಂದ ಅವನ ಹೆಂಡತಿ ನೀತಾ ಕೂಗಿದಳು. ಟಿ.ವಿ.ಯಲ್ಲಿ ಹಿಂದಿನ ವಾರ ಪ್ಯಾರಿಸ್ಸಿನಲ್ಲಿ ನಡೆದ ಆಟ. ವಿಶ್ವಕಪ್ಪಿಗೆ ಯಾರು ಹೋಗಬೇಕು ಎನ್ನುವುದು ಆ ಒಂದು ಆಟದ ಮೇಲೆ ನಿಂತಿತ್ತು. ಗೋಲಾಗುವ ಮೊದಲು ಚೆಂಡು ಕೈಗೆ ತಾಕಿದ್ದನ್ನು ಇಡೀ ಜಗತ್ತು ಕಂಡಿತು, ಮೈದಾನದಲ್ಲಿ ಸೀಟಿ ಹಿಡಿದು ನಿಂತವನಿಗೆ ಮಾತ್ರ ಕಂಡಿರಲಿಲ್ಲ. ಈಗ ಅದೇ ಕೈ, ಅದೇ ಚೆಂಡು, ನಿಧಾನವಾಗಿ, ಆಮೇಲೆ ಇನ್ನೂ ನಿಧಾನವಾಗಿ ಬರುತ್ತಿತ್ತು. ರೆಫರಿಗಳಿಗೂ ವೀಡಿಯೋ ನೋಡುವ ಅವಕಾಶ ಕೊಡಬೇಕೋ ಬೇಡವೋ ಎಂದು ಕೋಟು ಹಾಕಿದ ನಾಲ್ಕು ಜನ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದರು. "ಪಾಪ ಆ ರೆಫರಿ, ಮನೆಗೆ ಹೋಗಿ ಹೆಂಡ್ತಿ ಹತ್ರ ಎಂತ ಹೇಳಿದ್ನೋ," ಎಂದಳು ನೀತಾ, ದೋಸೆಯನ್ನು ಅವನ ತಟ್ಟೆಗೆ ಹಾಕುತ್ತಾ. ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವನೂ ಏನಾದರೂ ಅಂದು ಹಗುರಾಗಬಹುದಿತ್ತು. ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಕಚೇರಿಗೆ ನಡೆದುಕೊಂಡು ಹೋಗುವಾಗ ಅವನು ಸಮುದ್ರದ ಕಡೆಯ ರಸ್ತೆ ಹಿಡಿದ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಕಣ್ಣು ಮುಚ್ಚಿ ದೂರದ ದೇವಗಡದ ದೀಪಸ್ತಂಭವನ್ನು ನೋಡಿದ. ಕಂಡಿತು. ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಅದಕ್ಕೂ ಕಂಡಿತು. ಕಂಡಿತೋ, ಇಷ್ಟು ವರ್ಷ ಅಲ್ಲೇ ಇದೆಯೆಂದು ಗೊತ್ತಿದ್ದರಿಂದ ಕಂಡಂತಾಯಿತೋ ಎಂಬ ಹೊಸ ಅನುಮಾನ ಹುಟ್ಟಿತು. ನಿಜ ಹೇಳಬೇಕೆಂದರೆ ಶನಿವಾರ ಅವನು ಚೆಂಡನ್ನು ಕಂಡೇ ಇರಲಿಲ್ಲ. ಇದನ್ನು ನೀತಾಳಿಗೂ ಹೇಳಿರಲಿಲ್ಲ. ಹಾರವಾಡದಲ್ಲಿ ಆ ಗೋಲು ಪಶ್ಚಿಮಕ್ಕಿತ್ತು, ಅದರ ಹಿಂದೆ ಸಮುದ್ರ, ಸಮುದ್ರದ ಮೇಲೆ ಮುಳುಗಲು ಹೊರಟ ಸೂರ್ಯ. ಪುಟ್ಟುವಿನ ಕಾಲು ಚೆಂಡಿಗೆ ತಾಕಿದ ಕ್ಷಣ ನೀರಿನ ಹೊಳಪೆಲ್ಲ ಒಟ್ಟಿಗೆ ಕಣ್ಣಿಗೆ ನುಗ್ಗಿತ್ತು. ಆಮೇಲೆ ಕಂಡದ್ದು ಹಿಂದೆ ಉರುಳುತ್ತಿದ್ದ ಚೆಂಡು ಮಾತ್ರ. ಎರಡೂ ಕಡೆಯ ಬಾವುಟದವರನ್ನು ಕೇಳಿದರೆ ಶೆಟಗೇರಿಯವನು ಒಳಗೆ ಎಂದು ದೇವರ ಆಣೆ ಹಾಕಿದ, ಹಾರವಾಡದವನು ಹೊರಗೆ ಎಂದು ಅದೇ ದೇವರ ಆಣೆ ಹಾಕಿದ. ಅವರ ಗಲಾಟೆ, ಜನರ ಗಲಾಟೆ, ಮಕ್ಕಳು ಗೆರೆ ದಾಟಿ ಒಳಗೆ ಬಂದದ್ದು, ಎಲ್ಲವನ್ನೂ ಚದುರಿಸಿ ಅವನು ಬಲೆಯ ಹತ್ತಿರ ಹೋಗುವಷ್ಟರಲ್ಲಿ ಸಾಕಷ್ಟು ಹೊತ್ತಾಗಿತ್ತು. ಕಾಣದ್ದನ್ನು ಕಂಡಿದ್ದೇನೆ ಎನ್ನುವ ಹಾಗೆ ಕೈ ಚಾಚಿ ಸೀಟಿ ಊದಿದ. ಅದೇನು ಧೈರ್ಯದ ಸೀಟಿ! ತನ್ನ ಸೀಟಿಯ ಜೋರಿಗೆ ತಾನೇ ಒಂದು ಕ್ಷಣ ನಂಬಿದ್ದ.

ಕಚೇರಿಯಲ್ಲಿ ಪಕ್ಕದ ಮೇಜಿನ ಸೋಮು, "ಬಾಬು, ಮಧ್ಯಾಹ್ನದ ಮೇಲೆ ರಜಾ ಅಂತೆ? ಪ್ಯಾರಿಸ್ಸಿಗೆ ಹೊರಟ್ರೋ ಎಂತದು?" ಎಂದು ನಕ್ಕ. ಮಧುಕರನೂ ನಕ್ಕ. ಹಾಗಾದರೆ ಸುದ್ದಿ ಕಾರವಾರಕ್ಕೂ ಬಂದು ಮುಟ್ಟಿದೆ. ಅಂಕೋಲೆಯ ಅನಂತ ವಕೀಲರು, ಪಂದ್ಯಾವಳಿ ಸಮಿತಿಯ ಅಧ್ಯಕ್ಷರು, ನಿನ್ನೆ ಫೋನು ಮಾಡಿ ಬಹಳ ಮೃದುವಾಗಿ ಹೇಳಿದ್ದರು. ಶೆಟಗೇರಿಯವರು ತಕರಾರು ಕೊಟ್ಟಿದ್ದಾರೆ, ಸ್ಟುಡಿಯೋದ ಸಂಕೇತ ಆಟವನ್ನು ವೀಡಿಯೋ ಮಾಡಿದ್ದಾನೆ, ಅದರಲ್ಲಿ ಏನೋ ಇದೆಯಂತೆ, ತಾವು ಬಂದು ನೋಡಿ ತೀರ್ಮಾನ ಹೇಳಬೇಕು, ಅಲ್ಲಿಯವರೆಗೆ ಕಪ್ಪು ನನ್ನ ಮನೆಯಲ್ಲೇ ಇರುತ್ತದೆ. "ಆಟ ಮತ್ತೆ ಸುರುವಾದ ಮೇಲೆ ರೆಫರಿ ಹೇಳಿದ್ದು ಬದಲಾಗೂದಿಲ್ಲ ವಕೀಲರೇ, ಪುಸ್ತಕದಲ್ಲಿ ಹಾಗೇ ಇದೆ," ಎಂದಿದ್ದ ಮಧುಕರ. "ಪುಸ್ತಕ ದೊಡ್ಡ ಆಟಕ್ಕೆ. ನಮ್ಮ ಕಪ್ಪಿಗೆ ನೀವು ಹೇಳಿದ್ದೇ ಪುಸ್ತಕ," ಎಂದಿದ್ದರು ಅವರು. ಅದು ಹೊಗಳಿಕೆಯೋ ಬಲೆಯೋ ಇನ್ನೂ ತಿಳಿದಿರಲಿಲ್ಲ. ಫೋನು ಇಡುವ ಮೊದಲು ವಕೀಲರು ಇನ್ನೊಂದು ಮಾತು ಸೇರಿಸಿದ್ದರು: ಆ ಗೋಲಿ ಬೊಮ್ಮುವನ್ನು ಮಡಗಾಂವಿನ ಕ್ಲಬ್ಬಿನವರು ಕರೆದಿದ್ದಾರಂತೆ, ಅವನೇನಾದರೂ ಮೋಸ ಮಾಡಿದ್ದು ಖಾತ್ರಿಯಾದರೆ ಸಮಿತಿ ಸುಮ್ಮನಿರುವುದಿಲ್ಲ. ಕಳ್ಳ ಗೋಲಿ ಎಂಬ ಹೆಸರು ಒಮ್ಮೆ ಅಂಟಿದರೆ ಅವನು ಕಾಳಿ ಸೇತುವೆ ದಾಟುವ ಮೊದಲೇ ಆ ಹೆಸರು ಗೋವಾ ಮುಟ್ಟಿರುತ್ತದೆಂದು ಮಧುಕರನಿಗೆ ಗೊತ್ತಿತ್ತು. ಬೊಮ್ಮು ಹರಿದಿಲ್ಲ ಎಂದದ್ದು ತಾನು ಕೇಳಿದ್ದಕ್ಕೆ. ಕೇಳದಿದ್ದರೆ ಅವನು ಏನೂ ಹೇಳುತ್ತಿರಲಿಲ್ಲ.

ಅಂಕೋಲೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಿಣಗಾ ಘಟ್ಟ ಇಳಿದ ಮೇಲೆ ಎಡಕ್ಕೆ ಗುಡ್ಡ, ಬಲಕ್ಕೆ ನೌಕಾನೆಲೆಯ ಉದ್ದದ ಗೋಡೆ; ಗೋಡೆಯ ಆಚೆ ಸಮುದ್ರ ಇದೆಯೆಂದು ಗಾಳಿಯ ವಾಸನೆಯಿಂದ ತಿಳಿದುಕೊಳ್ಳಬೇಕು. ಕಾಣದಿದ್ದರೂ ಇದೆ ಎಂದು ಅಷ್ಟು ಸಲೀಸಾಗಿ ನಂಬುತ್ತೇವಲ್ಲ ಎಂದುಕೊಂಡ. ಕಾರವಾರಕ್ಕೆ ಟಿ.ವಿ. ಬಂದ ಹೊಸತರಲ್ಲಿ ಬಾಡ ಕೇರಿಯ ಡಾಕ್ಟರರ ಮನೆಯ ಜಗಲಿಯಲ್ಲಿ ಓಣಿಗೆ ಓಣಿಯೇ ಕೂತು ವಿಶ್ವಕಪ್ಪಿನ ಆಟ ನೋಡಿದ್ದು ನೆನಪಾಯಿತು. ಯಾರೋ ಗೋಲು ಹೊಡೆದ. ಎಲ್ಲರೂ ಎದ್ದು ಕುಣಿದರು. ಕೂತುಕೊಳ್ಳುವಷ್ಟರಲ್ಲಿ ಅವನೇ ಮತ್ತೆ ಹೊಡೆದ, ಈ ಸಲ ನಿಧಾನವಾಗಿ, ನೀರಿನೊಳಗೆ ನಡೆಯುವವರ ಹಾಗೆ. ಮತ್ತೆ ಕುಣಿದರು. ಮಧುಕರ ಬೆರಳು ಮಡಚಿ ಎರಡು ಎಂದು ಎಣಿಸಿದ್ದ. ಮೂರನೆಯ ಸಲ ಹೊಡೆದಾಗ ಮೀನು ತರುವ ಹೊನ್ನಮ್ಮ, "ಅಯ್ಯೋ, ಆ ಗೋಲಿಗೆ ಕಣ್ಣಿಲ್ವನ್ರೋ? ಅದೇ ಜಾಗಕ್ಕೆ ಹೊಡೀತಾನೆ, ಹಿಡೂಕೆ ಆಗೂದಿಲ್ಲಾ?" ಎಂದು ಸಿಟ್ಟಿಗೆದ್ದಿದ್ದಳು. ಡಾಕ್ಟರರು ನಕ್ಕು, ಅದು ಆಗಿಹೋದದ್ದು, ಮತ್ತೆ ತೋರಿಸುತ್ತಿದ್ದಾರೆ ಎಂದರು. ಆಗಿಹೋದದ್ದು ಮತ್ತೆ! ಆ ರಾತ್ರಿ ಮಧುಕರನಿಗೆ ನಿದ್ರೆ ಬರಲಿಲ್ಲ. ಸತ್ತ ಅಜ್ಜನೂ, ಕಳೆದ ವರ್ಷದ ಮಳೆಯೂ, ಶಾಲೆಯಲ್ಲಿ ತಿಂದ ಪೆಟ್ಟೂ ಎಲ್ಲೋ ಒಂದು ಕಡೆ ನಿಧಾನವಾಗಿ ಮತ್ತೆ ಆಗುತ್ತಿರಬಹುದೆಂದು ಮೈ ಜುಮ್ಮೆಂದಿತ್ತು. ಆ ಬೆರಗು ಅವನನ್ನು ಪೂರ್ತಿ ಬಿಟ್ಟಿರಲಿಲ್ಲ. ರೆಫರಿಯಾದ ಮೇಲೆ ಮಾತ್ರ ಅದರೊಳಗೆ ಸಣ್ಣ ಭಯವೊಂದು ಸೇರಿಕೊಂಡಿತ್ತು.

ಹಾರವಾಡದ ತಿರುವಿನಲ್ಲಿ ಬಸ್ಸು ನಿಂತಾಗ ಬೊಮ್ಮು ಹತ್ತಿದ. ಮಧುಕರನನ್ನು ನೋಡಿ ತಬ್ಬಿಬ್ಬಾಗಿ, ಪಕ್ಕದ ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಂತ. ಇಪ್ಪತ್ತೆರಡರ ಹುಡುಗ, ಅಗಲ ಭುಜ, ಉಪ್ಪುನೀರಿಗೆ ಬಿರುಕುಬಿಟ್ಟ ಬೆರಳುಗಳು. ತಂದೆಯ ಜತೆ ದೋಣಿಗೆ ಹೋಗುತ್ತಾನೆ. ಶನಿವಾರ ಗೋಲಿಗೆ ಕಟ್ಟಿದ ಬಲೆಯೂ ಅವರ ಮನೆಯದೇ, ಅಜ್ಜನ ಕಾಲದ ರಂಪಣಿ ಬಲೆಯ ತುಂಡು. ಊರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ ದೊಡ್ಡ ಬಲೆ ಈಗ ಯಾರಿಗೂ ಬೇಡವಾಗಿ, ಹಾರವಾಡದಲ್ಲಿ ಪ್ರತಿ ವರ್ಷ ಫುಟ್‌ಬಾಲಿಗೆ ಬರುತ್ತದೆ. "ಕೂತ್ಕೋ ಮಾರಾಯ," ಎಂದ ಮಧುಕರ. "ಇರ್ಲಿ ಸರ್," ಎಂದ ಬೊಮ್ಮು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, "ಸರ್, ನಂಗೂ ಬರೂಕೆ ಹೇಳಿದಾರೆ. ಎಂತಕ್ಕೆ ಅಂತ ಹೇಳ್ಲಿಲ್ಲ. ನಾ ಎಂತ ತಪ್ಪು ಮಾಡಿದೆ?" ಎಂದ. ಮಧುಕರ ಅವನ ಮುಖವನ್ನೇ ನೋಡಿದ. ಸುಳ್ಳು ಹೇಳುವವರ ಮುಖ ಅವನಿಗೆ ಚೆನ್ನಾಗಿ ಗೊತ್ತು, ಕಾಲು ಹಿಡಿದು ಬಿದ್ದು ಹೊರಳಾಡುವವರನ್ನು ಎಷ್ಟು ಜನರನ್ನು ನೋಡಿಲ್ಲ! ಈ ಮುಖದಲ್ಲಿ ಅದೇನೂ ಇರಲಿಲ್ಲ. ಆದರೆ ತನ್ನ ಕಣ್ಣನ್ನು ತಾನು ಇವತ್ತು ಎಷ್ಟು ನಂಬಬಹುದು? ಅವನು ಕಿಟಕಿಯ ಹೊರಗೆ ನೋಡತೊಡಗಿದ.

ಸಂಕೇತನ ಸ್ಟುಡಿಯೋ ಅಂಕೋಲೆ ಬಸ್‌ಸ್ಟ್ಯಾಂಡಿನ ಎದುರು ಮಾಳಿಗೆಯ ಮೇಲಿತ್ತು. ಒಳಗೆ ಜಲಪಾತದ ಚಿತ್ರ ಬರೆದ ಪರದೆ, ಮದುಮಕ್ಕಳನ್ನು ಕೂರಿಸುವ ಕೆಂಪು ಕುರ್ಚಿ, ಮೂಲೆಯಲ್ಲಿ ಕಂಪ್ಯೂಟರು. ಕೆಂಪು ಕುರ್ಚಿಯಲ್ಲಿ ಅನಂತ ವಕೀಲರು ಕೂತಿದ್ದರು. ಪುಟ್ಟು ನಿಂತೇ ಇದ್ದ. ಶೆಟಗೇರಿಯಲ್ಲಿ ಕಲ್ಲಂಗಡಿ ಬೆಳೆಯುವ, ಮಾತಿಗೆ ಮೊದಲು ಕೈ ಆಡಿಸುವ ಮನುಷ್ಯ. ತಂಡದ ಕ್ಯಾಪ್ಟನ್ನೂ ಅವನೇ. ಸಾಕ್ಷಿಗೆ ಬೇಕಾಗಬಹುದೆಂದು ಆ ದಿನದ ಚೆಂಡನ್ನೂ ಹೊತ್ತು ತಂದಿದ್ದ. ನೈಲಾನಿನ ಬಲೆಚೀಲದಲ್ಲಿ ಅದನ್ನು ಬಾಗಿಲ ಬಳಿಯ ಸ್ಟೂಲಿನ ಪಕ್ಕ ಇಟ್ಟಿದ್ದ. ಚೀಲದ ತಳ ಹರಿದು ಚೆಂಡಿನ ಅರ್ಧ ಹೊಟ್ಟೆ ಹೊರಗೆ ಬಂದಿತ್ತು. ಬೊಮ್ಮು ಬಾಗಿಲಲ್ಲೇ ಇದ್ದ ಆ ಸ್ಟೂಲಿನ ಮೇಲೆ ಕೂತ. ಅವನಿಗೆ ಯಾರೂ ಬಾ ಎಂದೂ ಅನ್ನಲಿಲ್ಲ. ಸಂಕೇತ ಮಾತ್ರ ತಪ್ಪು ತನ್ನದೇ ಎಂಬಂತೆ ಒಂದೇ ಸಮನೆ ಹೇಳುತ್ತಿದ್ದ: "ಸರ್, ಚೆಂಡು ಹೋಗಿದ್ದು ನನ್ನ ವೀಡಿಯೋದಲ್ಲಿ ಬಂದಿಲ್ಲ. ನಾ ಮದುವೆ ತೆಗ್ಯೂ ಮನ್ಷ. ಗದ್ದಲ ಆದಾಗ ಮುಖ ಹಿಡೀಬೇಕು ಅಂಬೂದೇ ನಂಗೆ ಅಭ್ಯಾಸ. ಪುಟ್ಟು ಹೊಡೂದು ಕಂಡ್ತು, ನಾ ಸೀದಾ ಗೋಲಿ ಮುಖಕ್ಕೆ ಹೋಗಿಬಿಟ್ಟೆ." ಮಧುಕರನಿಗೆ ಒಳಗೊಳಗೇ ಹಾಯೆನಿಸಿತು. ಚೆಂಡು ಇಲ್ಲ! ಹಾಗಾದರೆ ತಾನು ಕಾಣದ್ದನ್ನು ಯಂತ್ರವೂ ಕಂಡಿಲ್ಲ. ಹಾಗೆ ಹಾಯೆನಿಸಿದ್ದಕ್ಕೆ ಕೂಡಲೇ ನಾಚಿಕೆಯೂ ಆಯಿತು.

ಕಂಪ್ಯೂಟರಿನ ಪರದೆಯ ಮೇಲೆ ಮೊದಲು ಪುಟ್ಟು ಓಡುವುದು, ಆಮೇಲೆ ಎಲ್ಲ ಕಲಸಿ ಹೋಗಿ, ಮತ್ತೆ ಸ್ಪಷ್ಟವಾದಾಗ ಬೊಮ್ಮುವಿನ ಮುಖ. ನೆಲದಿಂದ ಏಳುತ್ತಾನೆ. ಎಡಗಂಬಕ್ಕೆ ಒರಗಿ ನಿಲ್ಲುತ್ತಾನೆ. ಅವನ ಸೊಂಟದ ಹತ್ತಿರ, ಬಲೆಯಲ್ಲಿ ಚೆಂಡಿನಷ್ಟಗಲ ತೂತು. ತೂತಿನೊಳಗಿಂದ ಸಮುದ್ರ ಹೊಳೆಯುತ್ತಿದೆ, ಹರಿದ ಎಳೆಗಳು ಗಾಳಿಗೆ ಆಡುತ್ತಿವೆ. ಪುಟ್ಟು ತೊಡೆ ಚಪ್ಪರಿಸಿದ. "ನೋಡಿ! ಅರ್ಧ ಆಟದ ಹೊತ್ತಿಗೆ ಬಲೆ ಸರಿ ಇತ್ತು, ಅದೂ ವೀಡಿಯೋದಲ್ಲಿ ಅದೆ. ನನ್ನ ಚೆಂಡೇ ಅದ್ನ ಹರ್ದಿದ್ದು. ಈಗ ಮುಂದೆ ನೋಡಿ ಆ ಕಳ್ಳನ ಕೆಲ್ಸ." ಮುಂದೆ ಬೊಮ್ಮುವಿನ ಕೈಗಳು ತೂತಿನ ಹತ್ತಿರ ಹೋದವು. ಹರಿದ ಎಳೆಯೊಂದನ್ನು ಹೆಬ್ಬೆರಳು ಹುಡುಕಿತು, ತೋರುಬೆರಳು ಅದನ್ನು ಸುತ್ತಿತು, ಇನ್ನೊಂದು ಕೈ ಎದುರಿನ ಎಳೆಯನ್ನು ತಂದು ಕೊಟ್ಟಿತು. ಗಂಟು ಬಿತ್ತು. ಮತ್ತೊಂದು. ಸಂಕೇತ ಗುಂಡಿ ಒತ್ತಿ ನಿಧಾನ ಮಾಡಿದ. ಮೀನು ಕೊಳ್ಳುವಾಗ, ಕಡಲ ದಂಡೆಯ ಮೇಲೆ ನಡೆಯುವಾಗ, ಬಲೆ ಕಟ್ಟುವವರನ್ನು ಮಧುಕರ ಸಾವಿರ ಸಲ ನೋಡಿದ್ದ, ಒಂದು ಸಲವೂ ನಿಂತು ನೋಡಿರಲಿಲ್ಲ. ಈಗ ನೋಡಿದ. ಇಷ್ಟು ಚೆಂದದ ಕೆಲಸವನ್ನು ತಾನು ಬದುಕಿನಲ್ಲಿ ಕಂಡಿಲ್ಲ ಎನ್ನಿಸಿತು. ಬೆರಳುಗಳಿಗೆ ಗಡಿಬಿಡಿಯಿಲ್ಲ, ಕಳ್ಳತನದ ಅವಸರವಿಲ್ಲ. ಸೂರ್ಯ ಹೊಳೆಯುತ್ತಿದ್ದ ತೂತು ಸ್ವಲ್ಪ ಸ್ವಲ್ಪವೇ ಚಿಕ್ಕದಾಗಿ, ಕೊನೆಗೆ ಒಂದು ಬೆಳಕಿನ ಚುಕ್ಕೆಯಾಗಿ, ಮುಚ್ಚಿತು. ಅಷ್ಟೂ ಹೊತ್ತು ಬೊಮ್ಮುವಿನ ಮುಖ ಬೇರೆ ಕಡೆಗಿತ್ತು. ಅವನು ಗಲಾಟೆಯನ್ನು ನೋಡುತ್ತಿದ್ದ, ಬಾಯಿ ಸ್ವಲ್ಪ ತೆರೆದು, ಈಗ ಏನಾಗುತ್ತದೋ ಎಂಬ ಹೆದರಿಕೆಯಲ್ಲಿ. ಒಮ್ಮೆಯೂ ಕೈಯ ಕಡೆ ನೋಡಲಿಲ್ಲ.

ಮಧುಕರ ತಿರುಗಿ ಬಾಗಿಲ ಕಡೆ ನೋಡಿದ. ಸ್ಟೂಲಿನ ಮೇಲಿದ್ದ ಬೊಮ್ಮು ಎದ್ದು ನಿಂತು, ಪರದೆಯ ಮೇಲಿನ ತನ್ನ ಕೈಗಳನ್ನು ನೋಡುತ್ತಿದ್ದ. ಅವನ ಮುಖ ಬಿಳಿಚಿತ್ತು. "ಇದು ನಾನಾ?" ಎಂದ. "ಸರ್, ನಂಗೊತ್ತಿಲ್ಲ. ತಾಯಾಣೆ ನಂಗೊತ್ತಿಲ್ಲ."

"ಕಟ್ಟಿದ್ದು ನಿನ್ನ ಕೈಯೋ, ನಿನ್ನ ಅಜ್ಜನ ಕೈಯೋ?" ಎಂದು ಪುಟ್ಟು ಕೂಗಿದ. "ಸರ್ ಕೇಳಿದಾಗ ಹರೀಲಿಲ್ಲ ಅಂದ್ಯಲ್ಲೋ!"

"ಹರ್ದಿದ್ದು ನಾ ನೋಡ್ಲೇ ಇಲ್ವೋ ಮಾರಾಯ."

"ನೋಡ್ದೇ ಕಟ್ದ್ಯಾ?"

ಬೊಮ್ಮು ಇನ್ನೊಮ್ಮೆ ಪರದೆಯ ಕಡೆ ನೋಡಿದ. ಅವನು ಮತ್ತೆ ಕೂತ. ಮಧುಕರ ಸಂಕೇತನಿಗೆ ಇನ್ನೊಮ್ಮೆ ಹಾಕು ಎಂದ. ಬೊಮ್ಮುವನ್ನು ಉಳಿಸುವಂಥದ್ದೇನಾದರೂ ಸಿಗಬಹುದೆಂಬ ಆಸೆಯಿಂದ ಹೇಳಿದ್ದು. ಎರಡನೆಯ ಸಲ ಅವನು ಬೊಮ್ಮುವನ್ನು ಬಿಟ್ಟು ಚಿತ್ರದ ಅಂಚುಗಳನ್ನು ನೋಡಿದ. ಆಗ ಕಂಡ. ಬಲಗಡೆಯ ತುದಿಯಲ್ಲಿ, ಸಣ್ಣದಾಗಿ, ಕಪ್ಪು ಅಂಗಿಯ ಒಬ್ಬ ಮನುಷ್ಯ. ಹೊಟ್ಟೆ ಸ್ವಲ್ಪ ಮುಂದೆ ಬಂದವನು. ಚೆಂಡು ಹೋಗಿ ಕ್ಷಣವೂ ಆಗಿಲ್ಲ, ಬೊಮ್ಮು ಇನ್ನೂ ಎದ್ದಿಲ್ಲ. ಆ ಮನುಷ್ಯನ ಬಲಗೈ ಮೇಲೇಳುತ್ತಿದೆ. ಮೈದಾನದ ನಡುಗೆರೆಯ ಕಡೆ, ಚಾಚಿ, ಗೋಲು ಕೊಡುವ ರೀತಿಯಲ್ಲಿ. ಎದೆಯವರೆಗೆ ಬಂದಿತು. ಅಲ್ಲಿ ತಡೆದು ನಿಂತಿತು, ಆಮೇಲೆ ತಪ್ಪು ಮಾಡಿದವನ ಕೈಯಂತೆ ಮೆಲ್ಲಗೆ ಇಳಿಯಿತು. "ಅಲ್ಲಿ ನಿಲ್ಸು," ಎಂದ ಮಧುಕರ. ನಿಂತ ಚಿತ್ರದಲ್ಲಿ ಆ ಕೈ ಅರ್ಧ ಗಾಳಿಯಲ್ಲಿ ಇತ್ತು. ಅವನಿಗೆ ಅದರ ನೆನಪು ಇರಲಿಲ್ಲ. ಎಷ್ಟು ತಡಕಾಡಿದರೂ ಇರಲಿಲ್ಲ. ಕಣ್ಣು ಕುರುಡಾಗಿದ್ದ ಕ್ಷಣದಲ್ಲಿ ಅವನೊಳಗಿನ ಯಾರೋ ಚೆಂಡನ್ನು ಕಂಡಿದ್ದ, ಕೈ ಎತ್ತಿ ಗೋಲು ಎಂದೂ ಹೇಳಿದ್ದ. ಆಮೇಲೆ ಬಂದ ಮಧುಕರಬಾಬು, ಮರ್ಯಾದಸ್ಥ, ಅವನ ಕೈಯನ್ನು ಕೆಳಗಿಳಿಸಿ ಬಲೆ ನೋಡಲು ಹೋಗಿದ್ದ. ತನ್ನದೇ ಮೈಯನ್ನು ಇಷ್ಟು ವರ್ಷ ಹೊತ್ತು ತಿರುಗಿ ಅದರೊಳಗೆ ಯಾರಿದ್ದಾರೆಂದೇ ತಿಳಿದಿರಲಿಲ್ಲವಲ್ಲ! ಡಾಕ್ಟರರ ಜಗಲಿಯಲ್ಲಿ ಮೈ ಜುಮ್ಮೆಂದ ಹಾಗೆ ಈಗ ಮತ್ತೆ ಆಯಿತು. ಕಣ್ಣಲ್ಲಿ ನೀರು ಬಂತು. ಯಾರಿಗೂ ಕಾಣದಿರಲೆಂದು ಅವನು ಕನ್ನಡಕವೇ ಇಲ್ಲದ ಮೂಗನ್ನು ಸವರಿಕೊಂಡ.

"ಗೋಲು," ಎಂದ. "ಅದು ಗೋಲು ವಕೀಲರೇ. ಶನಿವಾರವೇ ಕೊಡ್ಬೇಕಾಗಿತ್ತು, ನನ್ನ ಕೈ ಕೊಡೂಕೆ ಹೊರಟಿತ್ತು, ನೋಡಿ, ಅಲ್ಲೇ ಇದೆ. ಚೆಂಡು ನಂಗೆ ಕಾಣ್ಲಿಲ್ಲ. ಬಿಸಿಲು ಕಣ್ಣಿಗೆ ಹೊಡೀತು. ಕಾಣದೇ ಸೀಟಿ ಊದಿದೆ. ಕಪ್ಪು ಶೆಟಗೇರಿಯದು." ಹೇಳಿ ಮುಗಿಸಿದ ಮೇಲೆ ಮಾಳಿಗೆ ಕುಸಿಯುತ್ತದೆಂದು ಕಾದ. ಕೆಳಗೆ ಬಸ್ಸೊಂದು ಹಾರ್ನು ಹೊಡೆಯಿತು, ಕಂಡಕ್ಟರ್ ಕುಮಟಾ ಕುಮಟಾ ಎಂದು ಕೂಗಿದ, ಅಷ್ಟೆ. ವಕೀಲರು ಬಹಳ ಸಂತೋಷದಿಂದ, ಇದೇ ದೊಡ್ಡತನ, ಪ್ಯಾರಿಸ್ಸಿನಲ್ಲಿ ಆಗದ್ದು ಅಂಕೋಲೆಯಲ್ಲಿ ಆಯಿತು, ಇನ್ನು ಮೇಲೆ ಪ್ರತಿ ಆಟಕ್ಕೂ ವೀಡಿಯೋ ಇಡೋಣ ಎಂದರು. ಆಮೇಲೆ ದನಿ ಬದಲಿಸಿ, "ಈಗ ಉಳಿದದ್ದು ಈ ಹುಡುಗನ ವಿಷಯ," ಎಂದರು. "ವೀಡಿಯೋ ಸುಳ್ಳು ಹೇಳೂದಿಲ್ಲ. ಕೈ ಕಾಣ್ತಿದೆ, ಗಂಟು ಕಾಣ್ತಿದೆ. ಸಾಕ್ಷಿ ನಾಶ ಅಂತಾರೆ ನಮ್ಮಲ್ಲಿ ಇದಕ್ಕೆ. ಪಂದ್ಯಾವಳಿಯಿಂದ ಹೊರಗೆ ಹಾಕೂದು ಒಂದೇ ದಾರಿ."

"ಅವ್ನ ಮುಖವೂ ಕಾಣ್ತಿದೆ," ಎಂದ ಮಧುಕರ. "ಮುಖಕ್ಕೆ ಗೊತ್ತಿಲ್ಲ ವಕೀಲರೇ. ನನ್ನ ಕೈ ಎಂತ ಮಾಡ್ತು ಅಂತ ನಂಗೇ ಗೊತ್ತಿರ್ಲಿಲ್ಲ. ಅವ್ನ ಕೈಗೆ ನಾನು ಹೇಗೆ ಕಳ್ಳ ಅನ್ಲಿ?"

"ನೀವು ಹಾಗೆ ಹೇಳ್ಬಹುದು. ಆದ್ರೆ ಯಾರು ನಂಬ್ತಾರೆ?" ವಕೀಲರ ಪ್ರಶ್ನೆಯಲ್ಲಿ ದುರುದ್ದೇಶವೇನೂ ಇರಲಿಲ್ಲ. ನಿಜವಾಗಿಯೂ ಯಾರು ನಂಬುತ್ತಾರೆ? ಮಧುಕರಬಾಬು ಕಂಡದ್ದು ಕಂಡದ್ದೇ ಎಂಬ ಮಾತನ್ನು ಅವನು ಈಗಷ್ಟೇ ತಾನೇ ಕೈಯಾರೆ ಮುಗಿಸಿದ್ದ. ಇನ್ನು ಅವನ ಮಾತಿಗೆ ಹುಡುಗನನ್ನು ಉಳಿಸುವ ತೂಕ ಎಲ್ಲಿಂದ ಬರಬೇಕು? ಮುಖವನ್ನು ಎಷ್ಟು ನಿಧಾನ ಮಾಡಿ ತೋರಿಸಿದರೂ ಜನ ನೋಡುವುದು ಕೈಯನ್ನೇ. ಸೀಟಿ ಊದುವ ಕೆಲಸ ಇಷ್ಟು ವರ್ಷದಲ್ಲಿ ಅವನಿಗೆ ಇಷ್ಟು ಸಣ್ಣದಾಗಿ ಕಂಡಿರಲಿಲ್ಲ. ಪುಟ್ಟುವಿಗೆ ಗೆದ್ದ ಮೇಲೂ ಸಿಟ್ಟು ಇಳಿದಿರಲಿಲ್ಲ. ಎರಡು ರಾತ್ರಿ ಉರಿದ ಸಿಟ್ಟು ಅದು. ಅವನು ಕೋಣೆಯ ನಡುವೆ ಬಂದು ಕೈ ಆಡಿಸತೊಡಗಿದ. "ನಮ್ಮೂರವ್ರು ಶನಿವಾರ ಅಲ್ಲಿಂದ ತಲೆ ತಗ್ಗಿಸ್ಕಂಡು ಬಂದ್ರು ಸರ್. ಲಾರಿಯಲ್ಲಿ ಒಬ್ರೂ ಮಾತಾಡ್ಲಿಲ್ಲ. ಬರೇ ಮರೆವು ಅಂದ್ರೆ ಆತಾ? ಇವ ಮಡಗಾಂವಿಗೆ ಹೋಗಿ ದೊಡ್ಡ ಗೋಲಿ ಆಗೂದು, ನಾವು ಇಲ್ಲಿ ಬಾಯಿ ಮುಚ್ಕಂಡು ಕೂರೂದಾ? ಎಂಥಾ ಕಳ್..." ಎಂದವನ ಮಾತು ಅಲ್ಲಿಗೇ ನಿಂತಿತು. ಆಡುತ್ತಿದ್ದ ಕೈಯೂ ನಿಂತಿತು. ಅವನು ಬಾಗಿಲ ಕಡೆ ನೋಡುತ್ತಿದ್ದ.

ಮಧುಕರನೂ ನೋಡಿದ. ಸ್ಟೂಲಿನ ಮೇಲೆ ಬೊಮ್ಮು ಕೂತಿದ್ದ. ಕಣ್ಣು ಪುಟ್ಟುವಿನ ಮುಖದ ಮೇಲೇ ನೆಟ್ಟಿತ್ತು. ಒಂದೊಂದು ಮಾತೂ ಬಂದು ತಾಕುವುದು ಆ ಮುಖದಲ್ಲಿ ಕಾಣುತ್ತಿತ್ತು. ಅವನ ತೊಡೆಯ ಮೇಲೆ ಪುಟ್ಟುವಿನ ಬಲೆಚೀಲ ಇತ್ತು. ಅದು ಅಲ್ಲಿಗೆ ಯಾವಾಗ ಬಂತೋ ಯಾರೂ ನೋಡಿರಲಿಲ್ಲ. ಚೀಲದ ಹರಿದ ತಳದಲ್ಲಿ ಎರಡು ಕೈಗಳು ಕೆಲಸ ಮಾಡುತ್ತಿದ್ದವು. ಹೆಬ್ಬೆರಳು ಎಳೆ ಹುಡುಕಿತು, ತೋರುಬೆರಳು ಸುತ್ತಿತು, ಇನ್ನೊಂದು ಕೈ ಎದುರಿನ ಎಳೆಯನ್ನು ತಂದು ಕೊಟ್ಟಿತು. ಹೊರಗೆ ಬಂದಿದ್ದ ಚೆಂಡಿನ ಹೊಟ್ಟೆ ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತಿತ್ತು. ಸಂಕೇತನ ಕೈ ಮೇಜಿನ ಮೇಲಿದ್ದ ಕ್ಯಾಮೆರಾದ ಕಡೆ ಹೋಯಿತು, ಅರ್ಧದಲ್ಲೇ ನಾಚಿ ವಾಪಸು ಬಂತು. ವಕೀಲರು ಏನೋ ಹೇಳಲು ಬಾಯಿ ತೆರೆದವರು ಹಾಗೇ ಉಳಿದರು. ದೇವರ ಮುಂದೆಯೂ ತಾನು ಇಷ್ಟು ಸುಮ್ಮನೆ ನಿಂತಿರಲಿಲ್ಲ ಎಂದು ಮಧುಕರನಿಗೆ ಅನ್ನಿಸಿತು. ಕೊನೆಯ ಗಂಟು ಹಾಕಿ, ಉಳಿದ ಎಳೆಯನ್ನು ಬಾಯಿಗೆ ತಂದು ಹಲ್ಲಿನಿಂದ ಕಡಿಯುವಾಗ ಬೊಮ್ಮುವಿಗೆ ಎಲ್ಲರೂ ಸುಮ್ಮನಾಗಿದ್ದಾರೆಂದು ಹೊಳೆಯಿತು.

"ಎಂತಾ ಸರ್? ನಾ ಹೋಗ್ಲಾ?" ಎಂದ.

"ಬೊಮ್ಮು, ನಿನ್ನ ಕೈ ನೋಡಾ," ಎಂದ ಪುಟ್ಟು, ತೀರ ಮೆಲ್ಲಗೆ.

ಬೊಮ್ಮು ತಗ್ಗಿ ನೋಡಿದ. ನೋಡಿದವನು ಬೆಂಕಿ ಮುಟ್ಟಿದಂತೆ ಬೆಚ್ಚಿದ. ಮತ್ತೆ ಸಿಕ್ಕಿಬಿದ್ದೆ ಎಂದು ತಿಳಿದು, ಗಡಿಬಿಡಿಯಿಂದ ಗಂಟುಗಳನ್ನು ಬಿಚ್ಚತೊಡಗಿದ. ಕಟ್ಟುವಾಗ ಅಷ್ಟು ಚೆಂದ ಓಡಿದ ಬೆರಳುಗಳು ಬಿಚ್ಚಲು ಹೋಗಿ ತಡವರಿಸಿದವು. ಪುಟ್ಟು ಎರಡು ಹೆಜ್ಜೆಯಲ್ಲಿ ಅವನ ಹತ್ತಿರ ಹೋಗಿ ಕೂತು ಎರಡೂ ಕೈಗಳನ್ನು ಹಿಡಿದುಕೊಂಡ. "ಬಿಚ್ಬೇಡ್ವೋ," ಎಂದ. "ಬಿಚ್ಬೇಡ. ಇರ್ಲಿ." ವಕೀಲರು ಕೆಂಪು ಕುರ್ಚಿಯಿಂದ ಎದ್ದು ಚಪ್ಪಲಿ ಹುಡುಕಿದರು. ಬೊಮ್ಮುವಿನ ವಿಷಯ ಮತ್ತೆ ಎತ್ತಲಿಲ್ಲ. ಪರದೆಯ ಮೇಲೆ ಮಧುಕರನ ಬಲಗೈ ಇನ್ನೂ ಅರ್ಧ ಗಾಳಿಯಲ್ಲೇ ನಿಂತಿತ್ತು. ಅವನು ಅದನ್ನು ಆರಿಸು ಎಂದು ಸಂಕೇತನಿಗೆ ಸನ್ನೆ ಮಾಡಿದ.

"ಮಡಗಾಂವಿಗೆ ಯಾವಾಗ ಹೋಗೂದು?" ಎಂದು ಕೇಳಿದ ಪುಟ್ಟು.

"ಗುರುವಾರ."

"ಹೋಗ್ ಬಾ," ಎಂದ ಪುಟ್ಟು. ಎದ್ದು, ಚೀಲವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದ. ಚೆಂಡು ಬೀಳಲಿಲ್ಲ.